ಯೂರಿಯಾ ಮಣ್ಣಿನ ಜೀವ ತೆಗೆಯುತ್ತದಾ? ಗೋವಿನಜೋಳದ ಇಳುವರಿ ಯಾಕೆ ಬೀಳುತ್ತಿದೆ?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲೂಕು. ನಾಲ್ಕು ಎಕರೆ ಇದೆ, ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು), ನೀರಾವರಿ ಇಲ್ಲ. ಹತ್ತು ವರ್ಷದಿಂದ ಗೋವಿನಜೋಳ (ಮೆಕ್ಕೆಜೋಳ) ಬಿಟ್ಟು ಬೇರೆ ಹಾಕಿಲ್ಲ. ಮೊದಲು ಎಕರೆಗೆ 24-25 ಕ್ವಿಂಟಲ್ ಬರುತ್ತಿತ್ತು. ಈಗ ಎಕರೆಗೆ ಎರಡು ಚೀಲ ಡಿಎಪಿ, ಮೂರು ಚೀಲ ಯೂರಿಯಾ ಹಾಕಿದರೂ 18 ದಾಟುವುದಿಲ್ಲ. ಮಣ್ಣು ಗಟ್ಟಿಯಾಗಿದೆ, ಎರೆಹುಳು ಕಾಣುವುದೇ ಇಲ್ಲ. ಯೂರಿಯಾ ಮಣ್ಣಿನ ಜೀವ ತೆಗೆದಿದೆ, ಎಲ್ಲ ಬಿಟ್ಟು ಬರೀ ಸಗಣಿ-ಗಂಜಲದ ಜೀವಾಮೃತ ಹಾಕು ಅಂತ ಊರಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ ಕೇಳಿದರೆ ಇನ್ನೊಂದು ಡಬ್ಬಿ ಕೊಡುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ನೀವು ಲೆಕ್ಕ ಕೊಟ್ಟು ಕೇಳಿದ್ದು ಒಳ್ಳೆಯದಾಯಿತು. ಜಾಸ್ತಿ ಜನ "ಇಳುವರಿ ಬರುತ್ತಿಲ್ಲ, ಏನು ಹಾಕಲಿ" ಅಂತ ಅಷ್ಟೇ ಕೇಳುತ್ತಾರೆ. ನಿಮ್ಮ ಲೆಕ್ಕದಲ್ಲೇ ಅರ್ಧ ಉತ್ತರ ಇದೆ, ಅದನ್ನೇ ಮೊದಲು ಬಿಡಿಸೋಣ.

ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಚೀಲ 45 ಕೆಜಿ, ಅಂದರೆ ಒಂದು ಚೀಲಕ್ಕೆ ಸುಮಾರು 20.7 ಕೆಜಿ ಸಾರಜನಕ. ಡಿಎಪಿ 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ನೀವು ಹಾಕುತ್ತಿರುವುದನ್ನು ಕೂಡಿಸಿದರೆ ಎಕರೆಗೆ 80 ಕೆಜಿ ಸಾರಜನಕ, 46 ಕೆಜಿ ರಂಜಕ ಆಯಿತು. ಪೊಟ್ಯಾಷ್ ಸೊನ್ನೆ. ಮಳೆ ನಂಬಿದ ಗೋವಿನಜೋಳಕ್ಕೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 100:50:25, ಎಕರೆ ಲೆಕ್ಕದಲ್ಲಿ 40 ಕೆಜಿ ಸಾರಜನಕ, 20 ಕೆಜಿ ರಂಜಕ, 10 ಕೆಜಿ ಪೊಟ್ಯಾಷ್. ಸಾರಜನಕ ಡಬಲ್, ರಂಜಕ ಡಬಲ್, ಪೊಟ್ಯಾಷ್ ಇಲ್ಲವೇ ಇಲ್ಲ. 18 ಕ್ವಿಂಟಲ್ ಬೆಳೆ ಕಾಳು, ಕಣಿಕೆ (ದಂಟು) ಎಲ್ಲ ಸೇರಿ ಎತ್ತುವ ಸಾರಜನಕ 40 ಕೆಜಿ ಆಸುಪಾಸು. ಹಾಗಾದರೆ ನೀವು ದುಡ್ಡು ಕೊಟ್ಟು ಹಾಕಿದ್ದರಲ್ಲಿ ಅರ್ಧದಷ್ಟು ಬೆಳೆಗೆ ಸಿಗಲೇ ಇಲ್ಲ. ಒಂದಿಷ್ಟು ಗಾಳಿಗೆ ಹೋಯಿತು, ಒಂದಿಷ್ಟು ಮಳೆನೀರಿನ ಜೊತೆ ಕೆಳಗಿಳಿಯಿತು. ಅದೇ ಬೆಳೆ ಮೂವತ್ತು ಕೆಜಿಗೂ ಮೇಲೆ ಪೊಟ್ಯಾಷ್ ಎತ್ತಿದೆ, ಅದನ್ನು ನೀವು ವಾಪಸ್ ಕೊಟ್ಟಿಲ್ಲ.

ಈಗ ಯೂರಿಯಾ ಜೀವ ತೆಗೆಯುತ್ತದೆ ಅನ್ನುವ ಮಾತಿಗೆ ಬರೋಣ. ನಾನು ಇದನ್ನು ಹಾಗೇ ಒಪ್ಪುವುದಿಲ್ಲ, ಹಾಗೇ ತಳ್ಳಿಹಾಕುವುದೂ ಇಲ್ಲ. ಯೂರಿಯಾ ಕೆಲಸ ಮಾಡುವುದೇ ಮಣ್ಣಿನ ಜೀವಿಗಳ ಕೈಯಿಂದ. ಯೂರಿಯಾ ಕಾಳು ಮಣ್ಣಿಗೆ ಬಿದ್ದು ಕರಗಿದ ಮೇಲೆ ಯೂರಿಯೇಸ್ ಅನ್ನುವ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ, ಹಸಿ ಇದ್ದರೆ ಎರಡು-ಮೂರು ದಿನದ ಕೆಲಸ. ಆಮೇಲೆ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ, ಬೇರು ಜಾಸ್ತಿ ಕುಡಿಯುವುದು ಅದನ್ನೇ. 2015ರಿಂದ ನಮ್ಮಲ್ಲಿ ಸಿಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯ ಮಾಡಿದ್ದು ಯಾಕೆ ಗೊತ್ತಾ? ಈ ಎರಡನೇ ಹಂತವನ್ನು ಸ್ವಲ್ಪ ನಿಧಾನ ಮಾಡೋದಕ್ಕೆ. ಜೀವ ಇಲ್ಲದ ಮಣ್ಣಿನಲ್ಲಿ ಯೂರಿಯಾ ಬೆಳೆಗೆ ಸಿಗುವುದೇ ಕಷ್ಟ.

ಕಾಳು ಬಿದ್ದ ಜಾಗದ ಸುತ್ತ ಕೆಲವು ದಿನ ಅಮೋನಿಯಾ ಘಾಟು ಜಾಸ್ತಿ ಇರುತ್ತದೆ, ಅಲ್ಲಿನ ಜೀವಿಗಳಿಗೆ ಪೆಟ್ಟು ಬೀಳುವುದು ನಿಜ. ಬೀಜದ ಮಗ್ಗುಲಲ್ಲೇ ಯೂರಿಯಾ ಬಿದ್ದರೆ ಮೊಳಕೆಯೂ ಸುಡುತ್ತದೆ. ಆದರೆ ಅದು ಬೆರಳಗಲದ ಜಾಗದ ಮಾತು, ಇಡೀ ಹೊಲದ ಮಾತಲ್ಲ. ವರ್ಷಗಟ್ಟಲೆ ಹಾಕಿದರೆ ಏನಾಗುತ್ತದೆ ಅಂತ ನೋಡಿದವರೂ ಇದ್ದಾರೆ. 2014ರಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ 64 ದೀರ್ಘಕಾಲದ ಪ್ರಯೋಗಗಳ ಲೆಕ್ಕ ಕೂಡಿಸಿ ನೋಡಿದಾಗ, ಏನೂ ಹಾಕದ ಹೊಲಕ್ಕಿಂತ ರಾಸಾಯನಿಕ ಗೊಬ್ಬರ ಹಾಕಿದ ಹೊಲದಲ್ಲಿ ಸೂಕ್ಷ್ಮಜೀವಿಗಳ ಒಟ್ಟು ತೂಕ ಸುಮಾರು ನೂರಕ್ಕೆ 15ರಷ್ಟು ಜಾಸ್ತಿಯೇ ಇತ್ತು. ಕಾರಣ ಸರಳ. ಬೆಳೆ ಚೆನ್ನಾಗಿ ಬಂದರೆ ಬೇರು ಜಾಸ್ತಿ, ಬೇರು ಜಾಸ್ತಿ ಇದ್ದರೆ ಜೀವಿಗಳಿಗೆ ಊಟ ಜಾಸ್ತಿ.

ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಇತ್ತು, ನಿಮ್ಮ ಮಸಾರಿಗೆ ಅದೇ ಮುಖ್ಯ. ಮಣ್ಣಿನ ರಸಸಾರ (ಪಿಎಚ್, ಕಮ್ಮಿ ಇದ್ದಷ್ಟೂ ಮಣ್ಣು ಹುಳಿ) 5ಕ್ಕಿಂತ ಕೆಳಗಿಳಿದ ಕಡೆ ಗೊಬ್ಬರ ಹಾಕಿದಷ್ಟೂ ಜೀವ ಕಮ್ಮಿಯಾಗಿತ್ತು. ಯೂರಿಯಾ ಆಗಲಿ, ಡಿಎಪಿ ಆಗಲಿ, ಅಮೋನಿಯಂ ಸಲ್ಫೇಟ್ ಆಗಲಿ, ನೈಟ್ರೇಟ್ ಆಗುವ ಹೊತ್ತಿಗೆ ಮಣ್ಣಿಗೆ ಹುಳಿ ಬಿಟ್ಟು ಹೋಗುತ್ತವೆ. ಅಮೋನಿಯಂ ಸಲ್ಫೇಟ್ ಎಲ್ಲಕ್ಕಿಂತ ಜಾಸ್ತಿ. ಎರೆಯಲ್ಲಿ ಸುಣ್ಣದ ಹರಳು ಇರುತ್ತವಲ್ಲ, ಅವು ಈ ಹುಳಿಯನ್ನು ನುಂಗಿಬಿಡುತ್ತವೆ. ಮಸಾರಿಗೆ ಆ ಕಾವಲು ಇಲ್ಲ. ಹಿಮಾಚಲದ ಪಾಲಂಪುರದಲ್ಲಿ 1972ರಿಂದ ಒಂದೇ ಜಾಗದಲ್ಲಿ ಗೋವಿನಜೋಳ-ಗೋಧಿ ಬೆಳೆಯುತ್ತಾ ಬಂದಿದ್ದಾರೆ. ಅಲ್ಲಿ ವರ್ಷ ವರ್ಷ ಬರೀ ಸಾರಜನಕ ಕೊಟ್ಟ ತಾಕಿನಲ್ಲಿ ಮಣ್ಣು ಹುಳಿಯಾಗುತ್ತಾ ಹೋಗಿ ಇಳುವರಿ ಹೆಚ್ಚುಕಮ್ಮಿ ಸೊನ್ನೆಗೆ ಬಂತು. ಪಕ್ಕದಲ್ಲೇ ಮೂರೂ ಪೋಷಕಾಂಶದ ಜೊತೆ ತಿಪ್ಪೆ ಗೊಬ್ಬರ ಕೊಟ್ಟ ತಾಕು, ಸುಣ್ಣ ಕೊಟ್ಟ ತಾಕು ಇವತ್ತಿಗೂ ಬೆಳೆ ಕೊಡುತ್ತಿವೆ. ಅದೇ ಬೆಟ್ಟ, ಅದೇ ಮಳೆ. ರಾಣೆಬೆನ್ನೂರಿನ ಮಸಾರಿ ಪಾಲಂಪುರದಷ್ಟು ಹುಳಿ ಮಣ್ಣಲ್ಲ, ಹೆದರಬೇಡಿ. ಆದರೆ ಹತ್ತು ವರ್ಷ ಡಬಲ್ ಸಾರಜನಕ ಕುಡಿದ ಮಸಾರಿಯ ರಸಸಾರ ನೋಡದೆ ನಾನು ಪಕ್ಕಾ ಲೆಕ್ಕ ಹೇಳುವುದಿಲ್ಲ.

ಹಾಗಾದರೆ ನಿಮ್ಮ ಮಣ್ಣು ಯಾಕೆ ಹೀಗಾಯಿತು? ನನ್ನ ಮಟ್ಟಿಗೆ ಉತ್ತರ ಒಂದೇ. ಅದರೊಳಗಿನ ಜೀವಿಗಳು ಹತ್ತು ವರ್ಷದಿಂದ ಉಪವಾಸ ಇವೆ. ಅವುಗಳ ಊಟ ಇಂಗಾಲ, ಅಂದರೆ ಕೊಳೆಯುವ ವಸ್ತು. ಸೊಪ್ಪು, ಸಗಣಿ, ಕಣಿಕೆ, ಬೇರು. ಯೂರಿಯಾ, ಡಿಎಪಿಯಲ್ಲಿ ಇದು ಇಲ್ಲ. ಊಟಕ್ಕೆ ಬರೀ ಉಪ್ಪು, ಖಾರ ಇಟ್ಟು ರೊಟ್ಟಿಯನ್ನೇ ಇಡದ ಹಾಗೆ. ನಿಮ್ಮ ಕಣಿಕೆ ಏನಾಗುತ್ತದೆ ಅಂತ ನೀವು ಬರೆದಿಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಒಂದಿಷ್ಟು ದನಕ್ಕೆ, ಮಿಕ್ಕಿದ್ದು ಬೆಂಕಿಗೆ, ಕಾಳು ಬಿಡಿಸಿದ ತೆನೆಯ ಬೆಂಡು ಒಲೆಗೆ. ಅಲ್ವಾ? ಸುಟ್ಟರೆ ಇಂಗಾಲವೂ ಸಾರಜನಕವೂ ಹೊಗೆಯಾಗಿ ಹೋಗುತ್ತವೆ. ಕಣಿಕೆಯನ್ನು ಹೊರಗೆ ಸಾಗಿಸಿದರೆ ಬೆಳೆ ಎತ್ತಿದ ಪೊಟ್ಯಾಷ್‌ನ ನಾಲ್ಕರಲ್ಲಿ ಮೂರು ಪಾಲು ಅದರ ಜೊತೆಗೇ ಹೋಗುತ್ತದೆ, ಕಾಳಿನಲ್ಲಿ ಇರುವುದು ಕಾಲು ಪಾಲು ಮಾತ್ರ.

ಒಂದು ಪರೀಕ್ಷೆ ಹೇಳುತ್ತೇನೆ, ಓದಿದ್ದಕ್ಕಿಂತ ಕಣ್ಣಿಂದ ಕಂಡದ್ದು ನನಗೆ ಜಾಸ್ತಿ ಕಲಿಸಿದೆ. ಮಣ್ಣಿನ ಜೀವ ಅಳೆಯಲು ಲ್ಯಾಬಿನಲ್ಲಿ ಡೀಹೈಡ್ರೋಜನೇಸ್ ಪರೀಕ್ಷೆ ಅಂತ ಮಾಡುತ್ತೇವೆ. ಪ್ರನಾಳದಲ್ಲಿ ಸ್ವಲ್ಪ ಹಸಿ ಮಣ್ಣು ಹಾಕಿ, ಟಿಟಿಸಿ ಅನ್ನುವ ಬಣ್ಣವಿಲ್ಲದ ಲವಣದ ನೀರು ಹಾಕಿ, ಒಂದು ದಿನ ಬೆಚ್ಚಗೆ ಇಡುವುದು. ಒಳಗೆ ಜೀವಿಗಳು ಉಸಿರಾಡುತ್ತಿದ್ದರೆ ಆ ಲವಣ ಕೆಂಪಾಗುತ್ತದೆ. ಮಾರನೇ ದಿನ ಮೆಥನಾಲ್ ಹಾಕಿ ಸೋಸಿದರೆ ಬಣ್ಣ ಇಳಿಯುತ್ತದೆ. ಒಂದೇ ಹೊಲದ ಎರಡು ಮಣ್ಣು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಹುಲ್ಲು ಬೆಳೆದು, ಎಲೆ ಉದುರಿ, ಯಾರೂ ಕುಂಟೆ ಹಾಯಿಸದ ಬದುವಿನ ಮಣ್ಣು ಒಂದು. ಹತ್ತು ಮಾರು ಆಚೆ ಸಾಲಿನ ನಡುವಿನ ಮಣ್ಣು ಇನ್ನೊಂದು. ಬದುವಿನದು ಬೀಟ್‌ರೂಟ್ ರಸದ ಹಾಗೆ ಕೆಂಪು ಇಳಿಯಿತು. ಹೊಲದ್ದು ಗುಲಾಬಿ ಬಣ್ಣದ ನೀರು, ಕಿಟಕಿಗೆ ಹಿಡಿದು ನೋಡಬೇಕು, ಅಷ್ಟು ತೆಳು. ಬದುವಿಗೆ ಯಾರೂ ಜೀವಾಮೃತವನ್ನೂ ಹಾಕಿರಲಿಲ್ಲ, ಡಬ್ಬಿಯದ್ದನ್ನೂ ಹಾಕಿರಲಿಲ್ಲ. ಸುಮ್ನೆ ತಿನ್ನಲು ಸಿಕ್ಕಿತ್ತು, ನೆರಳು ಸಿಕ್ಕಿತ್ತು, ಬೇರು ವರ್ಷವಿಡೀ ಇತ್ತು. ಹೊಲದಲ್ಲೂ ಅಷ್ಟೇ, ಮೂರು ಪೋಷಕಾಂಶದ ಜೊತೆ ತಿಪ್ಪೆ ಗೊಬ್ಬರ ಹಾಕಿದ ಕಡೆ ಈ ಕೆಂಪು ಜಾಸ್ತಿ, ಇಳುವರಿಯೂ ಜಾಸ್ತಿ. ನಮ್ಮ ದೇಶದಲ್ಲಿ 1970ರಿಂದ ನಡೆಯುತ್ತಿರುವ ದೀರ್ಘಕಾಲದ ಗೊಬ್ಬರ ಪ್ರಯೋಗಗಳೂ ಇದನ್ನೇ ಹೇಳುತ್ತಾ ಬಂದಿವೆ.

ಡಿಎಪಿ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಎಲ್ಲರೂ ಬೈಯುವುದು ಯೂರಿಯಾಗೆ, ನಿಮ್ಮ ಹೊಲದಲ್ಲಿ ನನಗೆ ಚಿಂತೆ ಇರುವುದು ಡಿಎಪಿಯದ್ದು. ಗೋವಿನಜೋಳದ ಬೇರಿಗೆ ಮೈಕೋರೈಜಾ ಅನ್ನುವ ಶಿಲೀಂಧ್ರ ನಂಟು ಬೆಳೆಸುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳು, ಬೇರು ಮುಟ್ಟಲಾಗದ ಜಾಗದಿಂದ ರಂಜಕ, ಸತು ತಂದುಕೊಡುತ್ತವೆ, ಬದಲಿಗೆ ಬೇರಿನಿಂದ ಸಕ್ಕರೆ ಪಡೆಯುತ್ತವೆ. ಮಣ್ಣಿನ ಕಣಗಳನ್ನು ಹಿಡಿದು ಕಟ್ಟುವುದೂ ಈ ಎಳೆಗಳೇ. ಮಣ್ಣಿನಲ್ಲಿ ರಂಜಕ ತುಂಬಿ ತುಳುಕಿದರೆ ಬೆಳೆ ಈ ನಂಟು ಬೇಡ ಅನ್ನುತ್ತದೆ, ಶಿಲೀಂಧ್ರ ಕಮ್ಮಿಯಾಗುತ್ತದೆ. ಎರೆಯಲ್ಲಿ ಹಾಕಿದ ರಂಜಕ ಸುಣ್ಣದ ಜೊತೆ ಗಟ್ಟಿಯಾಗಿ ಕೂರುತ್ತದೆ, ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ಜೊತೆಗೆ ಸತು ಸಿಗದ ಹಾಗೆ ಮಾಡುತ್ತದೆ. ಬಿತ್ತಿ ಎರಡು-ಮೂರು ವಾರಕ್ಕೆ ಎಳೆ ಎಲೆಗಳಲ್ಲಿ ನಡುನರದ ಎರಡೂ ಕಡೆ ಬಿಳಿ ಪಟ್ಟೆ ಕಂಡಿದ್ದೀರಾ? ಅದು ಸತುವಿನ ಕೊರತೆ, ಅದಕ್ಕೆ ಇನ್ನಷ್ಟು ಯೂರಿಯಾ ಹಾಕಿದರೆ ಹೋಗುವುದಿಲ್ಲ. ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾದರೆ ಸಾರಜನಕದ್ದು. ಅಂಚು ಸುಟ್ಟ ಹಾಗೆ ಒಣಗಿದರೆ ಪೊಟ್ಯಾಷ್‌ದು. ಈ ಮೂರನ್ನು ಗುರುತು ಹಿಡಿಯುವುದು ಕಲಿತರೆ ಅಂಗಡಿಗೆ ಹೋಗುವ ಅರ್ಧ ಸಲ ತಪ್ಪುತ್ತದೆ.

ಜೀವಾಮೃತಕ್ಕೆ ಬರುತ್ತೇನೆ. ಹಾಕುವವರ ಮೇಲೆ ನನಗೆ ಗೌರವ ಇದೆ, ಅವರು ಮಣ್ಣಿನ ಬಗ್ಗೆ ಯೋಚನೆ ಮಾಡುತ್ತಿದ್ದಾರೆ. ಆದರೆ ಲೆಕ್ಕ ನೋಡಿ. 200 ಲೀಟರ್ ಡ್ರಮ್ಮಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆ ಹಿಟ್ಟು. ಇದರಲ್ಲಿರುವ ಸಾರಜನಕ ಎಲ್ಲ ಕೂಡಿಸಿದರೂ ಕಾಲು ಕೆಜಿ ಆಸುಪಾಸು. ಐದು ಸಲ ಕೊಟ್ಟರೂ ಒಂದೂಕಾಲು ಕೆಜಿ. 18 ಕ್ವಿಂಟಲ್ ಹೈಬ್ರಿಡ್ ಗೋವಿನಜೋಳಕ್ಕೆ ಬೇಕಾಗಿದ್ದು 40 ಕೆಜಿ. ಅದು ಜೀವಿಗಳನ್ನು ತರುತ್ತದೆ, ಒಪ್ಪುತ್ತೇನೆ, ಆದರೆ ಬಂದ ಜೀವಿಗಳಿಗೆ ಹೊಲದಲ್ಲಿ ತಿನ್ನಲು ಇರಬೇಕಲ್ಲ. ಹೊದಿಕೆ, ಸೊಪ್ಪು, ತಿಪ್ಪೆ ಗೊಬ್ಬರ ಇರುವ ಹೊಲಕ್ಕೆ ಹಾಕಿ, ಬೇಡ ಅನ್ನುವುದಿಲ್ಲ. ಬೋಳು ಹೊಲದಲ್ಲಿ ಒಂದೇ ವರ್ಷಕ್ಕೆ ಎಲ್ಲ ಗೊಬ್ಬರ ನಿಲ್ಲಿಸಿ ಬರೀ ಅದನ್ನೇ ನಂಬಿದರೆ ಇಳುವರಿ ಬಿದ್ದೇ ಬೀಳುತ್ತದೆ, ಆಮೇಲೆ ನೀವು ಸಾವಯವದ ಹೆಸರೇ ಎತ್ತುವುದಿಲ್ಲ. ಅಂಗಡಿಯ ಡಬ್ಬಿಗೂ ಇದೇ ಮಾತು. ರಂಜಕ ಕರಗಿಸುವ ಪಿಎಸ್‌ಬಿ, ಸಾರಜನಕ ಹಿಡಿಯುವ ಅಜೋಸ್ಪಿರಿಲಂ ಬ್ಯಾಕ್ಟೀರಿಯಾ ಅಗ್ಗ, ಎಕರೆಯ ಬೀಜಕ್ಕೆ 200 ಗ್ರಾಂ ಪೊಟ್ಟಣ ಸಾಕು, ನೆರಳಿನಲ್ಲಿ ಹಚ್ಚಿ ಅವತ್ತೇ ಬಿತ್ತಿ. ದುಬಾರಿ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಒಂದು ಟ್ರಾಲಿ ಗೊಬ್ಬರ ಬರುತ್ತದೆ, ನಾನಾದರೆ ಅದನ್ನೇ ತರುತ್ತೇನೆ.

ತಿಪ್ಪೆ ಗೊಬ್ಬರಕ್ಕೂ ಲೆಕ್ಕ ಇದೆ. ಒಂದು ಟನ್‌ನಲ್ಲಿ ಸಾರಜನಕ ಸುಮಾರು 5 ಕೆಜಿ, ಮೊದಲ ವರ್ಷ ಬೆಳೆಗೆ ಸಿಗುವುದು ಅದರಲ್ಲಿ ಮೂರನೇ ಒಂದು ಪಾಲು. ಎರಡು ಟ್ರಾಲಿ, 5 ಟನ್ ಹಾಕಿದರೆ ಎಂಟು ಕೆಜಿ ಸಿಕ್ಕಿತು. ಹಾಗಾಗಿ ಅದೊಂದರಿಂದಲೇ ಗೋವಿನಜೋಳ ಸಾಕುವುದು ಕಷ್ಟ. ಅದರ ಬೆಲೆ ಬೇರೆ ಕಡೆ ಇದೆ, ಜೀವಿಗಳಿಗೆ ರೊಟ್ಟಿ ಅದು. ಅವು ಯೂರಿಯಾದ ಸಾರಜನಕವನ್ನೂ ಮೈಯಲ್ಲಿ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ, ಕೊಚ್ಚಿ ಹೋಗುವುದು ತಪ್ಪುತ್ತದೆ. ಕೋಳಿ ಗೊಬ್ಬರದಲ್ಲಿ ಸಾರಜನಕ ಇದರ ಐದಾರು ಪಟ್ಟು ಇರುತ್ತದೆ, ಅದನ್ನು ಕಮ್ಮಿ ಹಾಕಬೇಕು, ಹಸಿಯದ್ದು ಹಾಕಲೇಬಾರದು.

ಇಲ್ಲಿ ಒಂದು ತಪ್ಪು ಹಾವೇರಿ, ಗದಗ, ಧಾರವಾಡ ಎಲ್ಲ ಕಡೆ ನೋಡುತ್ತೇನೆ, ನನಗೆ ಹೊಟ್ಟೆ ಉರಿಯುತ್ತದೆ. ಯುಗಾದಿ ಮುಗಿದ ಮೇಲೆ ತಿಪ್ಪೆ ಎತ್ತಿ ಹೊಲದಲ್ಲಿ ಸಣ್ಣ ಸಣ್ಣ ಗುಡ್ಡೆ ಹಾಕಿ ರೋಹಿಣಿ ಮಳೆ ಬರುವ ತನಕ ಬಿಡುತ್ತಾರೆ. ಎರಡು ತಿಂಗಳ ಉರಿ ಬಿಸಿಲು! ಒಂದು ಗುಡ್ಡೆಯನ್ನು ಕಾಲಿಂದ ಒದ್ದು ನೋಡಿ, ಮೇಲೆ ಬೂದಿ ಬಣ್ಣದ ಪುಡಿ, ಹಿಡಿದರೆ ತೂಕವೇ ಇಲ್ಲ. ಸಾರಜನಕ ಗಾಳಿಗೆ ಹೋಗಿದೆ, ಜೀವಿಗಳು ಒಣಗಿವೆ. ತಿಪ್ಪೆಯಲ್ಲೇ ಬಿಡಿ, ಮೇಲೆ ಮಣ್ಣು, ಕಣಿಕೆ ಮುಚ್ಚಿ. ಮೊದಲ ಹದ ಮಳೆ ಆದ ಮೇಲೆ ಸಾಗಿಸಿ, ಹರಡಿದ ದಿನವೇ ಕುಂಟೆ ಹಾಯಿಸಿ ಮಣ್ಣಿಗೆ ಸೇರಿಸಿ. ಇನ್ನೊಂದು, ಇರುವ ಗೊಬ್ಬರವನ್ನು ನಾಲ್ಕು ಎಕರೆಗೂ ಚೆಲ್ಲಬೇಡಿ. ಈ ವರ್ಷ ಒಂದೇ ಎಕರೆಗೆ ಪೂರ್ತಿ, ಮಸಾರಿಯಿಂದ ಶುರು ಮಾಡಿ, ಮುಂದಿನ ವರ್ಷ ಪಕ್ಕದ ಎಕರೆ.

ಕಣಿಕೆ ಸುಡುವುದು ಇವತ್ತೇ ನಿಲ್ಲಿಸಿ. ದನಕ್ಕೆ ಹೋಗಿ ಮಿಕ್ಕಿದ್ದನ್ನು ಕತ್ತರಿಸಿ ಮಣ್ಣಿಗೆ ಸೇರಿಸಿ. ಒಂದು ಎಚ್ಚರ ಇರಲಿ, ಕಣಿಕೆಯಲ್ಲಿ ಇಂಗಾಲ ಸಾರಜನಕದ ಅರವತ್ತು ಪಟ್ಟು ಇರುತ್ತದೆ. ಅದನ್ನು ತಿನ್ನಲು ಜೀವಿಗಳು ಮಣ್ಣಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ, ಬಿತ್ತನೆಗೆ ಹತ್ತಿರ ಸೇರಿಸಿದರೆ ಪೈರು ಹಳದಿಯಾಗುತ್ತದೆ. ಕಟಾವು ಆದ ಕೂಡಲೇ, ಹಸಿ ಇರುವಾಗಲೇ ಸೇರಿಸಿ, ಟನ್ ಕಣಿಕೆಗೆ 8-10 ಕೆಜಿ ಯೂರಿಯಾ ಚಿಮುಕಿಸಿ. ಯೂರಿಯಾವನ್ನು ನಾನು ಜೀವಿಗಳಿಗಾಗಿಯೇ ಹಾಕಿಸುವ ಜಾಗ ಇದು.

ಗೊಬ್ಬರ ಎಷ್ಟು ಅಂತ ಕೇಳುತ್ತೀರಿ. ಮಣ್ಣಿನ ಪರೀಕ್ಷೆಯ ವರದಿ ಬರುವವರೆಗೆ ಎಕರೆಗೆ ಡಿಎಪಿ ಒಂದು ಚೀಲಕ್ಕೆ ಸ್ವಲ್ಪ ಕಮ್ಮಿ, ಯೂರಿಯಾ ಒಂದೂವರೆ ಚೀಲ, ಪೊಟ್ಯಾಷ್‌ಗೆ ಎಂಒಪಿ ಗೊಬ್ಬರ 17 ಕೆಜಿ. ಇದು ಶಿಫಾರಸಿನ ಲೆಕ್ಕ, ಮಳೆ ಚೆನ್ನಾಗಿದ್ದು ಪೈರು ಕೇಳಿದರೆ ಮಾತ್ರ ಯೂರಿಯಾ ಎರಡು ಚೀಲಕ್ಕೆ ಏರಿಸಿ. ಸತುವಿನ ಸಲ್ಫೇಟ್ ಎಕರೆಗೆ 10 ಕೆಜಿ, ಡಿಎಪಿ ಜೊತೆ ಕಲಸಬೇಡಿ, ತಿಪ್ಪೆ ಗೊಬ್ಬರದ ಜೊತೆ ಹಾಕಿ. ಮಸಾರಿಯಲ್ಲಿ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಸಿಕ್ಕರೆ ನನಗೆ ಅದೇ ಇಷ್ಟ, ಗಂಧಕ, ಸುಣ್ಣದ ಅಂಶ ಎರಡೂ ಸಿಗುತ್ತವೆ, ಮಣ್ಣು ಹುಳಿಯಾಗುವುದಿಲ್ಲ. ಆಗ ಡಿಎಪಿಯಿಂದ ಬರುತ್ತಿದ್ದ ಸಾರಜನಕಕ್ಕೆ ಯೂರಿಯಾ ಅರ್ಧ ಚೀಲದಷ್ಟು ಜಾಸ್ತಿ ಬೇಕು. ಯೂರಿಯಾವನ್ನು ಒಂದೇ ಸಲ ಹಾಕಬೇಡಿ. ಬಿತ್ತುವಾಗ ಸ್ವಲ್ಪ, ಮೊಣಕಾಲೆತ್ತರಕ್ಕೆ ಬಂದಾಗ, ಅಂದರೆ 25-30 ದಿನಕ್ಕೆ ಅರ್ಧ, ಸೂಲಂಗಿ ಬರುವ ಮುಂಚೆ ಉಳಿದಿದ್ದು. ಹಾಕಿದ ಮೇಲೆ ಎಡೆ ಹೊಡೆದು ಮಣ್ಣು ಮುಚ್ಚಲೇಬೇಕು. ಎರೆಯಲ್ಲಿ ಹಸಿ ನೆಲದ ಮೇಲೆ ಯೂರಿಯಾ ಎರಚಿ ಹಾಗೇ ಬಿಟ್ಟರೆ ಕಾಲು ಭಾಗ ಗಾಳಿಗೆ ಹೋಗಬಹುದು, ಮೂಗಿಗೇ ಘಾಟು ಬಡಿಯುತ್ತದೆ.

ಹತ್ತು ವರ್ಷ ಒಂದೇ ಬೆಳೆ ಅನ್ನುವುದನ್ನೂ ಮುರಿಯಬೇಕು. ಎರೆಯಲ್ಲಿ ಹಸಿ ಉಳಿದಿದ್ದರೆ ಹಿಂಗಾರಿಗೆ ಕಡಲೆ ಹಾಕಿ. ಮಸಾರಿಯಲ್ಲಿ ನಾಲ್ಕಾರು ಸಾಲಿಗೆ ಒಂದು ಸಾಲು ತೊಗರಿ ಬರಲಿ. ಅದರ ಬೇರು ಆಳಕ್ಕೆ ಹೋಗುತ್ತದೆ, ಎಲೆ ಉದುರಿ ನೆಲಕ್ಕೆ ಹಾಸುತ್ತದೆ, ಗೋವಿನಜೋಳ ಕಿತ್ತ ಮೇಲೂ ಜನವರಿಯ ತನಕ ಮಣ್ಣಿನಲ್ಲಿ ಜೀವಂತ ಬೇರು ಇರುತ್ತದೆ. ರೋಟಾವೇಟರ್ ವರ್ಷಕ್ಕೆ ಎರಡು-ಮೂರು ಸಲ ಹೊಡೆಸುತ್ತಿದ್ದರೆ ಅದನ್ನೂ ಕಮ್ಮಿ ಮಾಡಿ, ಗಟ್ಟಿ ಮಣ್ಣಿಗೆ ಅದೂ ಒಂದು ಕಾರಣ.

ಎಷ್ಟು ದಿನಕ್ಕೆ ಸರಿಹೋಗುತ್ತದೆ ಅಂದರೆ, ಸುಳ್ಳು ಆಸೆ ಕೊಡುವುದಿಲ್ಲ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲ ನೂರಕ್ಕೆ 0.1ರಷ್ಟು ಏರಬೇಕಾದರೆ 900 ಕೆಜಿ ಇಂಗಾಲ ಅಲ್ಲೇ ಉಳಿಯಬೇಕು. 5 ಟನ್ ತಿಪ್ಪೆ ಗೊಬ್ಬರದ ಇಂಗಾಲ ಎಲ್ಲ ಸೇರಿದರೂ ಅಷ್ಟಾಗುವುದಿಲ್ಲ, ಅದರಲ್ಲೂ ಹೆಚ್ಚಿನ ಪಾಲನ್ನು ಜೀವಿಗಳು ತಿಂದು ಉಸಿರಾಗಿ ಬಿಡುತ್ತವೆ. ಹಾಗಾಗಿ ಮಣ್ಣು ಪರೀಕ್ಷೆಯ ಕಾರ್ಡಿನ ಮೇಲಿನ ಅಂಕಿ ಬದಲಾಗಲು ವರ್ಷಗಳು ಬೇಕು. ಆದರೆ ಜೀವಿಗಳು ಅಷ್ಟು ಕಾಯುವುದಿಲ್ಲ. ಊಟ ಸಿಕ್ಕ ಮೊದಲ ಮಳೆಗಾಲದಲ್ಲೇ ಅವು ಎದ್ದು ಕೂರುತ್ತವೆ, ಅದನ್ನು ನೀವೇ ನೋಡಬಹುದು.

ಮೇ ತಿಂಗಳಲ್ಲಿ ಎರೆಯದ್ದು ಬೇರೆ, ಮಸಾರಿಯದ್ದು ಬೇರೆ ಮಣ್ಣು ತೆಗೆಯಿರಿ. ಎಂಟು-ಹತ್ತು ಕಡೆ ಆರು ಇಂಚು ಆಳ, ಬದು, ಮರದ ಬುಡ, ತಿಪ್ಪೆ ಇದ್ದ ಜಾಗ ಬಿಟ್ಟು. ನೆರಳಲ್ಲಿ ಒಣಗಿಸಿ ಅರ್ಧ ಅರ್ಧ ಕೆಜಿ ಕಟ್ಟಿ. ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ, ಅಲ್ಲಿ ವಿಚಾರಿಸಿ. ರಸಸಾರ, ಸಾವಯವ ಇಂಗಾಲ, ಪೊಟ್ಯಾಷ್, ಸತು ಈ ನಾಲ್ಕನ್ನು ಕೇಳಿ ಬರೆಸಿಕೊಳ್ಳಿ.

ಬಿತ್ತುವ ದಿನ ಹಳೆಯ ಬಿಳಿ ಹತ್ತಿ ಪಂಚೆ ಒಂದನ್ನು ಗೇಣುದ್ದ ತುಂಡು ಮಾಡಿ. ಪಾಲಿಯೆಸ್ಟರ್ ಸೇರಿದ್ದು ಬೇಡ, ಅಪ್ಪಟ ಹತ್ತಿ ಇರಲಿ. ಒಂದು ಬದುವಿನಲ್ಲಿ, ಒಂದು ಗೊಬ್ಬರ ಹಾಕಿದ ಎಕರೆಯಲ್ಲಿ, ಒಂದೊಂದು ಉಳಿದ ಎರೆ, ಮಸಾರಿಯಲ್ಲಿ ಆರು ಇಂಚು ಆಳಕ್ಕೆ ಹೂತು ಕಡ್ಡಿ ನೆಡಿ. ಎರಡು ತಿಂಗಳಿಗೆ ನಿಧಾನಕ್ಕೆ ಅಗೆದು ತೆಗೆಯಿರಿ. ಜೀವ ಇರುವ ಕಡೆ ಬಟ್ಟೆ ಜಾಳಾಗಿ, ಕೈಗೆ ಎಳೆ ಎಳೆ ಬರುತ್ತದೆ. ಇಲ್ಲದ ಕಡೆ ಒಗೆದು ಮತ್ತೆ ಉಡಬಹುದು ಅನ್ನುವಷ್ಟು ಗಟ್ಟಿ ಇರುತ್ತದೆ. ಜೊತೆಗೆ ಅಲ್ಲೇ ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಎರೆಹುಳು ಎಣಿಸಿ. ಬೇಸಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಆಗ ಅವು ಆಳಕ್ಕೆ ಇಳಿದಿರುತ್ತವೆ. ಮಳೆ ಹಿಡಿದ ಮೇಲೆ ಆ ಗುಂಡಿಯಲ್ಲಿ ಹತ್ತು ಸಿಕ್ಕರೆ ಚೆನ್ನಾಗಿದೆ ಅನ್ನಬಹುದು. ಹತ್ತು ಸಾಲಿಗೆ ಮಾತ್ರ ನಿಮ್ಮ ಹಳೇ ಪದ್ಧತಿಯ ಗೊಬ್ಬರ ಹಾಕಿ ಗುರುತು ಇಡಿ, ಅದರ ತೆನೆ ಬೇರೆ ಒಕ್ಕಿ ಬೇರೆ ತೂಗಿ. ಮಣ್ಣಿನ ವರದಿ, ಬಟ್ಟೆಯ ತುಂಡುಗಳ ಫೋಟೋ, ಎರಡೂ ತೂಕ ಬರೆದು ಕಳಿಸಿ, ಮುಂದಿನ ವರ್ಷದ ಗೊಬ್ಬರದ ಲೆಕ್ಕವನ್ನು ಅದರ ಮೇಲೆ ಹಾಕೋಣ.